ದುರ್ಗಪ್ಪ ಕಾಕಾನ ಗಳ ಮತ್ತು ನಾನು ಮಾರಿದ ಮೀನಿನ ಯಂತ್ರ

ವಾರಕ್ಕೆ ಒಬ್ಬರಾದರೂ ನನಗೆ ಮೆಸೇಜು ಹಾಕಿ ಕೇಳುತ್ತಾರೆ, "ಅಕ್ಕಾರ, ಯಾವ ಫಿಶ್ ಫೈಂಡರ್ ತಗೊಳ್ಳಲಿ?" ಮೊನ್ನೆ ಹಾವೇರಿಯವರೊಬ್ಬರು ಮೀನು ಹಿಡಿಯುವ ಸಾಮಾನಿನ ಅಂಗಡಿ ಹಾಕುತ್ತಿದ್ದೇನೆ, ನಾಕು ಬುದ್ಧಿಮಾತು ಹೇಳಿ ಎಂದು ಬರೆದಿದ್ದರು. ಎಲ್ಲರಿಗೂ ನನ್ನ ಉತ್ತರ ಒಂದೇ. ಯಾವುದನ್ನಾದರೂ ತೆಗೆದುಕೊಳ್ಳಿ. ತೆಗೆದುಕೊಂಡ ಮೇಲೆ ಅದರ ಸೆನ್ಸರನ್ನು ನೀರಿನಿಂದ ಮೇಲಕ್ಕೆ ಎತ್ತಿ, ಪರದೆ ನೋಡಿ.

"ಅಷ್ಟೇನಾ?" ಅನ್ನುತ್ತಾರೆ. ಹೌದು, ಅಷ್ಟೇ. ಆ ಅಷ್ಟನ್ನು ನಾನು ಒಂದು ಸಲ ಮಾಡಲಿಲ್ಲ. ಅದರ ಕಥೆ ಇದು. ಬರೆಯಲು ಮನಸ್ಸಿರಲಿಲ್ಲ. ಮಂದಿ ಮುಂದೆ ಹೇಳಲೇಬೇಕು ಎಂದು ಒಬ್ಬರು ಹೇಳಿದ್ದಾರೆ.

ನನ್ನ ಅಂಗಡಿ ರಾಣೆಬೆನ್ನೂರಿನಲ್ಲಿ, ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಎಡಕ್ಕೂ ಬಲಕ್ಕೂ ಬೀಜದ ಅಂಗಡಿಗಳು, ನಡುವೆ ನಾನು. ಬಲೆ, ಗಾಳ, ನೈಲಾನ್ ದಾರ, ಸೀಸದ ಗುಂಡು, ರಾಡು, ರೀಲು, ತಲೆಗೆ ಕಟ್ಟುವ ಬ್ಯಾಟರಿ, ಕೊನೆಯ ಏಳೆಂಟು ವರ್ಷ ಮೀನು ತೋರಿಸುವ ಯಂತ್ರಗಳು. ಮಾರುವುದೂ ನಾನೇ, ರಿಪೇರಿ ಮಾಡುವುದೂ ನಾನೇ. ಹೊಸಬರು ಬಂದರೆ ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ಗಂಡಸರು ಯಾರೂ ಇಲ್ಲೇನ್ರಿ?" ಎಂದು ಕೇಳುತ್ತಿದ್ದರು. "ಅದಾರ್ರಿ, ಒಳಗ ಅನ್ನಕ್ಕ ಇಟ್ಟಾರ, ಕರೀಲೇನು?" ಅನ್ನುತ್ತಿದ್ದೆ. ನನ್ನ ಗಂಡನಿಗೆ ಗಾಳಕ್ಕೆ ದಾರ ಕಟ್ಟಲು ಇವತ್ತಿಗೂ ಬರುವುದಿಲ್ಲ. ಅನ್ನ ಮಾತ್ರ ಚೆನ್ನಾಗಿ ಮಾಡುತ್ತಾರೆ.

ಬಲಗೈ ಹೆಬ್ಬೆರಳು ಸೆಟೆದು ಸ್ಕ್ರೂಡ್ರೈವರ್ ಹಿಡಿಯಲು ಆಗದಂತಾದ ಮೇಲೆ ಅಂಗಡಿ ಮುಚ್ಚಿದೆ. ಐವತ್ತೆರಡಕ್ಕೇ ನಿವೃತ್ತಿ.

ನನಗೆ ಕಸುಬು ಕಲಿಸಿದವರು ಇಬ್ಬರು. ಒಬ್ಬರು ನನ್ನ ಅತ್ತೆ. ಬಲೆಯ ಅಂಗಡಿ ಮೊದಲು ಅವರದೇ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಗಿರಾಕಿಯೊಬ್ಬರಿಗೆ ಗಾಳ ಕಟ್ಟಿಕೊಟ್ಟೆ. ಅತ್ತೆ ಅದನ್ನು ಇಸಿದುಕೊಂಡು ಒಂದು ಎಳೆತ ಎಳೆದರು, ದಾರ ಪಟ್ಟನೆ ಹರಿಯಿತು. "ಒಣಾ ಗಂಟ ಹಾಕಿದ್ಯಾ? ಬಾಯಾಗ ಉಗುಳಿಲ್ಲೇನು ನಿನಗ?" ನೈಲಾನ್ ದಾರವನ್ನು ಒದ್ದೆ ಮಾಡದೆ ಬಿಗಿದರೆ ತಿಕ್ಕಿದ ಬಿಸಿಗೆ ಗಂಟಿನಲ್ಲೇ ಸುಟ್ಟಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ದೊಡ್ಡ ಮೀನು ಸಿಕ್ಕ ದಿನವೇ ಕಾಣುತ್ತದೆ. ಆಮೇಲೆ ಇಪ್ಪತ್ತೈದು ವರ್ಷ ಜನರ ಎದುರಿಗೇ ದಾರಕ್ಕೆ ನಾಲಿಗೆ ಹಚ್ಚಿ ಗಂಟು ಹಾಕಿದ್ದೇನೆ. ಮುಖ ಸಿಂಡರಿಸಿದವರಿಗೂ ಹಾಗೇ ಕೊಟ್ಟಿದ್ದೇನೆ.

ಇನ್ನೊಬ್ಬರು ನನ್ನ ಅಪ್ಪ. ಹಾವೇರಿಯಲ್ಲಿ ಅವರದು ರೇಡಿಯೋ, ಟಿವಿ ರಿಪೇರಿ ಅಂಗಡಿ. ಬೆಸುಗೆ ಹಾಕುವುದನ್ನು ರಂಗೋಲಿಗಿಂತ ಮೊದಲು ಕಲಿತೆ. ಅಪ್ಪ ಒಂದು ಮಾತು ಹೇಳುತ್ತಿದ್ದರು: "ಯಂತ್ರ ಹೌದು ಅಂದ್ರ ಸಾಲೂದಿಲ್ಲವಾ. ಅದಕ್ಕ ಇಲ್ಲ ಅನ್ನಾಕ ಬರ್ತೈತೇನು, ಅದನ್ನ ಮೊದಲ ನೋಡು." ವೋಲ್ಟೇಜು ನೋಡುವ ಮೀಟರನ್ನು ಮೊದಲು ಸತ್ತ ತಂತಿಗೆ ಹಿಡಿದು, ಮುಳ್ಳು ಅಲುಗದಿದ್ದರೆ ಮಾತ್ರ ಜೀವಂತ ತಂತಿಗೆ ಹಿಡಿಯುತ್ತಿದ್ದರು. ಸಾವಿರ ಸಲ ನೋಡಿದ್ದೇನೆ. ಕಲಿತಿದ್ದೇನೆ ಎಂದುಕೊಂಡಿದ್ದೆ.

ನಗೆ ಬರುವ ಕೇಸುಗಳೂ ಇದ್ದವು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಹವ್ಯಾಸಕ್ಕೆ ಮೀನು ಹಿಡಿಯುತ್ತಿದ್ದರು. ಒಂದು ಚಳಿಗಾಲದಲ್ಲಿ ತುಟ್ಟಿ ರೀಲೊಂದನ್ನು ತಂದು ನನ್ನ ಮುಂದೆ ಕುಕ್ಕಿದರು.

"ಅಕ್ಕಾರ, ಇದು ಮುಂಜಾನೆ ಮುನಿಸ್ಕೊಂತೈತ್ರಿ, ತಿರುಗೂದ ಇಲ್ಲ. ಮಧ್ಯಾಹ್ನ ತಾನ ರಾಜಿ ಆಗ್ತೈತಿ. ಥೇಟ್ ನಮ್ಮ ಮನಿಯಾಕಿ ಹಂಗ."

ಬಿಚ್ಚಿದೆ. ಮೊದಲು ಎಂಟು ಸಲ ಸೀನಿದೆ, ಗೋದಾಮಿನ ಖಾರದ ಪುಡಿ ಹಲ್ಲುಗಾಲಿಗಳ ತುಂಬ ಕೂತಿತ್ತು. ಅದರ ಕೆಳಗೆ ಬೆಳ್ಳಗೆ ಗಟ್ಟಿಯಾದ ಏನೋ. ಬೆರಳಲ್ಲಿ ತೆಗೆದು ಮೂಸಿದೆ.

"ಇದಕ್ಕ ಯಾವ ಎಣ್ಣಿ ಹಾಕೀರಿ?"

"ಕೊಬ್ಬರಿ ಎಣ್ಣಿ ರೀ. ಶುದ್ಧ ಐತಿ, ಗಾಣದ್ದು."

"ಥಂಡ್ಯಾಗ ಕೊಬ್ಬರಿ ಎಣ್ಣಿ ಬಾಟ್ಲ್ಯಾಗ ಹೆಪ್ಪಾಗ್ತೈತಿಲ್ಲೋ? ರೀಲಿನಾಗೂ ಹಂಗ. ಬಿಸಲಿಗೆ ಕರಗಿದ ಕೂಡ್ಲೇ ರಾಜಿ. ಮನಿಯಾಕಿಗೂ ಇದನ್ನ ಹಚ್ಚೀರೇನು?"

ಅವರು ಅಂಗಡಿ ಹಾರಿಹೋಗುವಂತೆ ನಕ್ಕರು. ಇಂಥ ಕೇಸುಗಳಿಂದ ಹೆಸರು ಬರುತ್ತದೆ. "ಆ ಅಕ್ಕಾರ ಕಡೆ ಹೋಗ್ರಿ, ಮೂಸಿ ನೋಡಿ ಹೇಳ್ತಾರ" ಎಂದು ಜನ ಕಳಿಸತೊಡಗಿದರು. ಹೆಸರು ಬಂದ ಮೇಲೆ ಮನುಷ್ಯ ಮೂಸಿ ನೋಡುವುದನ್ನು ಕಡಿಮೆ ಮಾಡುತ್ತಾನೆ. ನನ್ನ ವಿಷಯದಲ್ಲಂತೂ ಹಾಗೇ ಆಯಿತು.

ಈಗ ದುರ್ಗಪ್ಪ ಕಾಕಾನ ವಿಷಯ.

ದುರ್ಗಪ್ಪ ತುಂಗಭದ್ರೆಯ ದಂಡೆಯ ಮೇಡ್ಲೇರಿಯವರು, ಎಪ್ಪತ್ತರ ಹತ್ತಿರದ ಮನುಷ್ಯ. ಮೇಡ್ಲೇರಿಯ ಹತ್ತು ಹನ್ನೆರಡು ಜನರ ಒಂದು ಗುಂಪು ಮೋಟೆಬೆನ್ನೂರು ಕಡೆಯ ಒಂದು ಕೆರೆಯನ್ನು ಮೀನಿಗಾಗಿ ಗುತ್ತಿಗೆ ಹಿಡಿದಿತ್ತು. ಅವರಲ್ಲಿ ಒಂದು ಪದ್ಧತಿ. ದೊಡ್ಡ ಎಳೆಬಲೆ ಬಿಡುವ ಮೊದಲು ದುರ್ಗಪ್ಪ ತೆಪ್ಪದಲ್ಲಿ ಹೋಗಿ ಉದ್ದದ ಬಿದಿರಿನ ಗಳವನ್ನು ನೀರಿಗೆ ಇಳಿಸಬೇಕು. ಗಳದ ಮೇಲಿನ ತುದಿಗೆ ದವಡೆ ಹಚ್ಚಿ, ಕಣ್ಣು ಮುಚ್ಚಿ ಕೇಳಬೇಕು. ಅಷ್ಟು ಹೊತ್ತು ದಂಡೆಯ ಮೇಲೆ ಯಾರೂ ಮಾತಾಡುವಂತಿಲ್ಲ, ಎಲೆಅಡಿಕೆ ಉಗುಳುವಂತಿಲ್ಲ. ಅವರು "ಬಿಡ್ರಿ" ಅಂದರೆ ಬಲೆ ಬಿಡುವುದು. "ಇಲ್ಲ" ಅಂದರೆ ಜಾಗ ಬದಲಿಸುವುದು. ಬಲೆಗೆ ಬಿದ್ದ ಮೊದಲ ಮೀನು "ಗಳದ ಮೀನು". ಅದನ್ನು ದುರ್ಗಪ್ಪನ ಕೈಗೆ ಕೊಡಬೇಕು. ಅವರು ಅದನ್ನು ಮನೆಗೆ ಒಯ್ಯುವಂತಿಲ್ಲ, ದಂಡೆಯ ಮೇಲೆ ನಿಂತ ಯಾರಿಗಾದರೂ ಕೊಟ್ಟುಬಿಡಬೇಕು.

ನಾನೊಮ್ಮೆ ಕೇಳಿದ್ದೆ, "ಕಾಕಾ, ಏನ್ ಕೇಳಸ್ತೈತ್ರಿ ಅದರಾಗ?"

"ಜೋಳದ ಹೊಲದಾಗ ಗಾಳಿ ಹೊಕ್ಕಂಗ ಕೇಳಸ್ತೈತಿ, ಮೀನ ಇದ್ರ. ಇಲ್ಲಂದ್ರ ಬರೇ ನೀರು."

"ತಪ್ಪೂದಿಲ್ಲೇನು?"

"ತಪ್ಪತೈತಿ. ಕೆಸರಾಗ ಹುಗದ ಕುಂತ ಮೀನ ಮಾತಾಡೂದಿಲ್ಲ, ಅವು ಕಳ್ಳರು. ಆದ್ರ ಇಲ್ಲದ್ದನ್ನ ಐತಿ ಅಂತ ನಾ ಎಂದೂ ಹೇಳಿಲ್ಲವಾ."

ದುರ್ಗಪ್ಪನ ತಮ್ಮನ ಮಗ ಪರಸಪ್ಪ ಗುಂಪಿನಲ್ಲಿ ಚುರುಕಿನ ಗಂಡಾಳು, ಮೂವತ್ತೈದು ದಾಟಿದವನು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಅವನಿಗೆ ಫಿಶ್ ಫೈಂಡರ್ ಹುಚ್ಚು ಹತ್ತಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅಂಗೈಯಷ್ಟು ಪರದೆ, ಒಂದು ತಂತಿ, ತಂತಿಯ ತುದಿಗೆ ಸೆನ್ಸರ್. ಸೆನ್ಸರ್ ನೀರಿಗೆ ಸದ್ದು ಬಿಡುತ್ತದೆ, ತಿರುಗಿ ಬಂದ ಸದ್ದಿನಿಂದ ಆಳವೆಷ್ಟು, ಮೀನೆಲ್ಲಿ ಎಂದು ಪರದೆಯ ಮೇಲೆ ತೋರಿಸುತ್ತದೆ. ದುರ್ಗಪ್ಪನ ದವಡೆಗಿಂತ ದೊಡ್ಡ ಸಂಗತಿಯೇನಲ್ಲ, ಬ್ಯಾಟರಿ ಇದೆ ಅಷ್ಟೇ.

ಪರಸಪ್ಪ ದೊಡ್ಡಪ್ಪನನ್ನೂ ಕರೆದುಕೊಂಡು ಬಂದ. ನನ್ನ ಹತ್ತಿರ ಉಳಿದಿದ್ದದ್ದು ಒಂದೇ, ಕೌಂಟರಿನ ಮೇಲೆ ತೋರಿಸಲು ಇಟ್ಟಿದ್ದು. ಸೆನ್ಸರ್ ಜೋಡಿಸದೆ ಚಾಲೂ ಮಾಡಿದರೆ ಆ ಯಂತ್ರ ತಾನಾಗಿಯೇ ತೋರಿಕೆಯ ಆಟ ಶುರು ಮಾಡುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳನ್ನು ಮರುಳು ಮಾಡಲು ಕಂಪನಿಯವರೇ ಕೊಟ್ಟ ಸೌಲಭ್ಯ. ಪರದೆಯ ತುಂಬ ಹಿಂಡು ಹಿಂಡು ಮೀನು ಸಾಗುತ್ತವೆ. ಮೂಲೆಯಲ್ಲಿ ಇರುವೆಯಷ್ಟು ಇಂಗ್ಲಿಷ್ ಅಕ್ಷರದಲ್ಲಿ ಇದು ಸುಳ್ಳು ಎಂದು ಬರೆದಿರುತ್ತದೆ.

ದುರ್ಗಪ್ಪ ಬಾಗಿ ನೋಡಿದರು. "ಎಷ್ಟ ಮೀನ ಅದಾವಲ್ಲವಾ ಇದರಾಗ!"

ವ್ಯಾಪಾರದ ಖುಷಿಯಲ್ಲಿ ನಾನು ಅಂದೆ, "ಇನ್ನ ಆ ಗಳಾ ಅಟ್ಟಕ್ಕ ಒಗೀರಿ ಕಾಕಾ."

ಪರಸಪ್ಪ ನಕ್ಕ. ನಾನೂ ನಕ್ಕೆ. ದುರ್ಗಪ್ಪ ನಗಲಿಲ್ಲ, ಪರದೆಯನ್ನು ಬೆರಳಲ್ಲಿ ಒಮ್ಮೆ ಮುಟ್ಟಿ ನೋಡಿದರು. ಆಡಿದ ಮಾತು ವಾಪಸ್ ತಗೊಳ್ಳುವಂತಿದ್ದರೆ ನಾನು ಆ ಒಂದು ಮಾತನ್ನು ತಗೊಳ್ಳುತ್ತಿದ್ದೆ.

ಸೆನ್ಸರಿನ ಪ್ಲಗ್ಗನ್ನು ನಾನೇ ಒತ್ತಿ ಕೂಡಿಸಿದೆ. ಸ್ವಲ್ಪ ಬಿಗಿ ಅನಿಸಿತು, ಇನ್ನಷ್ಟು ಒತ್ತಿದೆ. ಪ್ರತಿ ಯಂತ್ರವನ್ನೂ ಬಕೆಟ್ಟಿನ ನೀರಲ್ಲಿ ಅದ್ದಿ, ಎತ್ತಿ, ಪರದೆ ಖಾಲಿಯಾಗುತ್ತದೆಯೇ ನೋಡಿಯೇ ಕೊಡುವುದು ನನ್ನ ರೂಢಿ. ಅವತ್ತು ಬಕೆಟ್ ಒಳಗಿತ್ತು, ಅವರಿಗೆ ಬಸ್ಸಿನ ಅವಸರವಿತ್ತು. ಕೊಟ್ಟು ಕಳಿಸಿದೆ.

ಮೂರನೇ ದಿನ ಪರಸಪ್ಪನ ಫೋನು. "ಅಕ್ಕಾರ, ಮೂಡಣ ಮೂಲ್ಯಾಗ ದೊಡ್ಡಪ್ಪ ಇಲ್ಲ ಅಂದ. ಯಂತ್ರದಾಗ ಗಿಜಿಗಿಜಿ ಮೀನ. ಬಲಿ ಬಿಟ್ರ ನಾಕ ಬಂದ್ವು. ಯಾಕ್ರಿ?"

ಈಗ ಕೇಳಿ, ನಾನು ಮಾಡಿದ್ದನ್ನು. ಯಂತ್ರ ಸರಿ ಇದೆಯೇ ಎಂದು ನಾನು ಕೇಳಲಿಲ್ಲ. ಅದು ನನ್ನ ಅಂಗಡಿಯದು, ಸರಿ ಇರಲೇಬೇಕು. "ಬಲಿ ತಳಾ ಮುಟ್ಟವಲ್ದು. ಮೀನ ಕೆಳಗಿಂದ ಹಾರಾಕತ್ತಾವ. ಸೀಸದ ಗುಂಡು ಜಾಸ್ತಿ ಕಟ್ರಿ" ಅಂದೆ. ಕಟ್ಟಿದರು. ಮತ್ತೆ ಫೋನು. "ಇನ್ನಷ್ಟ ಕಟ್ರಿ" ಅಂದೆ. ಕುಂತಲ್ಲೇ ಬಲೆಗೆ ಔಷಧ ಹೇಳುತ್ತಿದ್ದೆ, ರೋಗವಿದ್ದದ್ದು ಪ್ಲಗ್ಗಿನಲ್ಲಿ.

ಮೂರನೇ ಸಲ ಬಲೆ ಎಷ್ಟು ಭಾರವಾಗಿತ್ತೆಂದರೆ ಕೆರೆಯ ತಳವನ್ನೇ ಕೆರೆದುಕೊಂಡು ಬಂತು. ಕೆಸರಲ್ಲಿ ಹುದುಗಿದ್ದ ಮೀನೆಲ್ಲ ಎದ್ದು ಬಲೆಗೆ ಬಿದ್ದವು. ದುರ್ಗಪ್ಪ "ಇಲ್ಲ" ಎಂದಿದ್ದ ಜಾಗದಲ್ಲಿ, ಎಲ್ಲರ ಕಣ್ಣೆದುರಿಗೆ.

ಪರಸಪ್ಪ ಫೋನಿನಲ್ಲಿ ಕೂಗುತ್ತಿದ್ದ. "ಅಕ್ಕಾರ, ಬುಟ್ಟಿ ತುಂಬಿ ಚೆಲ್ಲಾಕತ್ತಾವ್ರಿ!" ಹಿಂದೆ ಯಾರೋ ನಗುತ್ತ, "ದುರ್ಗಪ್ಪನ ದವಡಿಗೆ ಹುಳಾ ಬಿದ್ದಾವಲೇ" ಅನ್ನುತ್ತಿದ್ದದ್ದು ನನಗೂ ಕೇಳಿಸಿತು. ಅವತ್ತು ಮೊದಲ ಮೀನನ್ನು ದುರ್ಗಪ್ಪನ ಕೈಗೆ ಕೊಡಲು ಹೋದರೆ, "ಯಂತ್ರಕ್ಕ ಕೊಡ್ರಿ" ಎಂದು ಗಳ ಹೆಗಲಿಗಿಟ್ಟುಕೊಂಡು ನಡೆದರಂತೆ. ಮತ್ತೆ ಅವರು ಕೆರೆಗೆ ಬರಲಿಲ್ಲ. "ನನ್ನ ಕಿವಿ ಹೋಗ್ಯಾವ" ಎಂದು ಊರಲ್ಲಿ ತಾವೇ ಹೇಳಿಕೊಂಡು ತಿರುಗಿದರಂತೆ.

ತಿಂಗಳು ಕಳೆದಿರಬೇಕು. ಪರಸಪ್ಪ ಬ್ಯಾಟರಿ ನಿಲ್ಲುತ್ತಿಲ್ಲ ಎಂದು ಯಂತ್ರ ತಂದ. ಕೌಂಟರಿನ ಮೇಲೆ ಇಟ್ಟು ಚಾಲೂ ಮಾಡಿದೆ. ತಂತಿ ಸುರುಳಿ ಸುತ್ತಿತ್ತು, ಸೆನ್ಸರ್ ನನ್ನ ಚಹಾದ ಲೋಟದ ಪಕ್ಕದಲ್ಲಿ ಬಿದ್ದಿತ್ತು. ಪರದೆಯ ಮೇಲೆ ಹದಿನೆಂಟು ಅಡಿ ನೀರು. ಹಿಂಡು ಹಿಂಡು ಮೀನು.

ಪ್ಲಗ್ ಕಿತ್ತು ನೋಡಿದೆ. ಒಳಗಿನ ಒಂದು ಪಿನ್ನು ಮಡಚಿ ಮಲಗಿತ್ತು, ನಾನು ಒತ್ತಿದ ಒತ್ತಿಗೆ. ಸೆನ್ಸರ್ ಒಂದು ದಿನವೂ ಯಂತ್ರದ ಜೊತೆ ಮಾತಾಡಿರಲಿಲ್ಲ. ಸೆನ್ಸರ್ ಇಲ್ಲವೆಂದು ತಿಳಿದು ಯಂತ್ರ ತಿಂಗಳಿಡೀ ತೋರಿಕೆಯ ಆಟ ಆಡಿತ್ತು.

"ಏನಾಗೈತ್ರಿ?" ಪರಸಪ್ಪ ಕೇಳಿದ.

ಚಿಮಟಿಗೆಯಿಂದ ಪಿನ್ನು ನೆಟ್ಟಗೆ ಮಾಡುತ್ತ ನಾನು ಹೇಳಿದೆ, "ಏನಿಲ್ಲೋ ಮಾರಾಯಾ. ಬ್ಯಾಟರಿ ವೈರು ಸಡಲಾಗಿತ್ತು."

ಆ ಸುಳ್ಳಿಗೆ ನನ್ನ ಹತ್ತಿರ ಕಾರಣಗಳಿದ್ದವು. ಹೆಂಗಸಿನ ಅಂಗಡಿ, ಹೆಸರು ಮಾಡಲು ಇಪ್ಪತ್ತು ವರ್ಷ ಬೇಕಾಯಿತು, ಒಂದು ಪಿನ್ನಿನಿಂದ ಹೋಗಬೇಕೇ ಎಂಬುದು. ಈಗ ಓದಿದರೆ ಬರೀ ಒಣ ಗಂಟು.

ಇನ್ನೊಂದು ವಾರಕ್ಕೆ ಅವನೇ ಸಿಟ್ಟಿನಿಂದ ಫೋನು ಮಾಡಿದ. "ಅಕ್ಕಾರ, ರಿಪೇರಿ ಮಾಡಿ ಕೆಡಿಸೀರಿ. ಮೊದ್ಲ ಎಷ್ಟ ಮೀನ ತೋರಿಸ್ತಿತ್ತು! ಈಗ ಹತ್ತ ಸಲಕ್ಕ ಎಂಟ ಸಲ ಖಾಲಿ."

ಯಂತ್ರ ಕೊನೆಗೂ ಇಲ್ಲ ಅನ್ನುವುದನ್ನು ಕಲಿತಿತ್ತು. ಅವನಿಗೆ ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. "ಕೆರ್ಯಾಗ ಮೀನ ಕಡಿಮಿ ಆಗಿರಬೇಕು" ಅಂದೆ.

ಎರಡು ವರ್ಷ ಕಳೆದವು. ಅಂಗಡಿ ಮುಚ್ಚಿದೆ. ಮೇಡ್ಲೇರಿಯ ಬಸ್ಸು ಕಂಡರೆ ಮುಖ ಆ ಕಡೆ ತಿರುಗಿಸುತ್ತಿದ್ದೆ. ಕೊನೆಗೆ ನನ್ನ ಗಂಡ ಒಂದು ದಿನ ಊಟಕ್ಕೆ ಬಡಿಸುತ್ತ, "ಹೋಗಿ ಹೇಳಿ ಬಾ. ಹೊಟ್ಯಾಗ ಇಟ್ಕೊಂಡ್ರ ನಾ ಮಾಡಿದ ಅನ್ನ ಎಲ್ಲಿ ಹಿಡೀಬೇಕು?" ಅಂದರು.

ಹೋದೆ. ದುರ್ಗಪ್ಪನ ಅಂಗಳದಲ್ಲಿ ಮೊದಲು ಕಂಡದ್ದು ಗಳ. ಎರಡು ತುಂಡು ಮಾಡಿ, ಉದ್ದದ ತುಂಡನ್ನು ಅಡ್ಡ ಕಟ್ಟಿ ಅರಿವೆ ಒಣಹಾಕಿದ್ದರು. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಚಹಾ ಬರುವ ಮೊದಲೇ ಎಲ್ಲ ಹೇಳಿಬಿಟ್ಟೆ: ಪಿನ್ನು, ಪರದೆ, ಸೀಸದ ಗುಂಡು, ಬ್ಯಾಟರಿ ವೈರು.

ಅವರು ಕೇಳಿದ್ದು ಒಂದೇ. "ನಿನಗ ಯಾವಾಗ ಗೊತ್ತಾತವಾ?"

"ಆ ವರ್ಷಾನ ರೀ. ತಿಂಗಳದಾಗ."

"ಹಂಗಾರ ಎರಡ ವರ್ಷ." ಬೆರಳಲ್ಲಿ ಕಟ್ಟೆ ಕೆರೆದರು. "ಪಿನ್ನ ಮಡಚಿದ್ದಕ್ಕ ನನಗೇನಿಲ್ಲ. ಬಿದಿರೂ ಸೀಳತೈತಿ. ಕಿವಿ ಹೋದ್ವು ಅಂತ ನಾ ಊರ ತುಂಬ ಹೇಳ್ಕೊಂತ ಅಡ್ಡಾಡಾಕತ್ತಿದ್ನಿ. ನೀ ಸುಮ್ನಿದ್ದಿ."

"ತಪ್ಪಾತ್ರಿ ಕಾಕಾ," ಅಂದೆ.

"ನನಗೊಬ್ಬಗ ಹೇಳಿದ್ರ ಮುಗೀತೇನು? ನಕ್ಕಾವ್ರು ಮಂದಿ. ಮಂದಿ ಮುಂದ ಹೇಳು."

ಮುಂದಿನ ಶುಕ್ರವಾರ ಕೆರೆಯ ದಂಡೆಗೆ ಹೋಗಿ ಎಲ್ಲರ ಮುಂದೆ ಹೇಳಿದೆ. ಪರಸಪ್ಪನ ಮುಖ ಕೆಂಪಾಯಿತು. "ಗುಂಡಿನ ಮ್ಯಾಲ ಗುಂಡ ಕಟ್ಟಿಸಿದ್ರಲ್ರಿ ಅಕ್ಕಾರ! ಎರಡ ಬಲಿ ಹರಕೊಂಡೇವಿ. ದೊಡ್ಡಪ್ಪಗ ಏನೇನ ಅಂದೇವಿ!" ಅವನು ಬೈದದ್ದು ಇನ್ನೂ ಬಹಳ ಇದೆ, ಎಲ್ಲ ನ್ಯಾಯವಾದದ್ದೇ. ಬೈದು ಮುಗಿದ ಮೇಲೆ ಅವನೇ ಗಳದ ಉದ್ದದ ತುಂಡನ್ನು ದೊಡ್ಡಪ್ಪನ ಕೈಗೆ ಕೊಟ್ಟ. ಬೆಳಿಗ್ಗೆ ಅಂಗಳದಲ್ಲಿ ಅರಿವೆ ತೆಗೆದು, ಅದನ್ನು ಬಿಚ್ಚಿ ಕೊಟ್ಟು ಕಳಿಸಿದವರು ಕಾಕಾನ ಹೆಂಡತಿಯೇ ಅಂತೆ.

ದಂಡೆಗೆ ಕಟ್ಟಿದ್ದ ತೆಪ್ಪದಲ್ಲೇ ಕೂತು ದುರ್ಗಪ್ಪ ಗಳ ಇಳಿಸಿದರು. ಕಣ್ಣು ಮುಚ್ಚಿದರು. ಹಿಂದೆ ನಕ್ಕವರೂ ಬಾಯಿಯ ಎಲೆಅಡಿಕೆಯನ್ನು ನುಂಗಿಕೊಂಡು ನಿಂತರು. ಎಷ್ಟೋ ಹೊತ್ತಾಯಿತು. "ಬಿಡ್ರಿ" ಎಂದೂ ಇಲ್ಲ, "ಇಲ್ಲ" ಎಂದೂ ಇಲ್ಲ. ಆಮೇಲೆ ನನ್ನನ್ನು ಕೈಸನ್ನೆಯಿಂದ ಕರೆದರು.

"ಕುಂದ್ರು. ದವಡಿ ಹಚ್ಚು."

ಹಚ್ಚಿದೆ. ಬಿದಿರು ತಣ್ಣಗಿತ್ತು.

"ಏನ್ ಕೇಳಸ್ತೈತಿ?"

"ನೀರ ರೀ."

"ಮತ್ತ?"

"ಮತ್ತೇನಿಲ್ಲ ಕಾಕಾ. ಬರೇ ನೀರು."

"ನನಗೂ ಈಗ ಅಷ್ಟ," ಅಂದರು. "ಮೀನ ಇಲ್ಲೋ, ನಾ ಇಲ್ಲೋ, ತಿಳೀವಲ್ದು. ದಿನಾ ಕೇಳಿದ್ರ ಗೊತ್ತಿರತಿತ್ತು." ದಂಡೆಯ ಕಡೆ ತಿರುಗಿ, "ನನ್ನ ಕೇಳಬ್ಯಾಡ್ರಿ. ಬಲಿ ಬಿಡ್ರಿ" ಅಂದರು.

ಬಲೆ ಬಿಟ್ಟರು. ಸಾಧಾರಣ ಬಂತು. ಮೊದಲ ಮೀನು ಒಂದು ರೋಹು, ಸೇರಿನಷ್ಟಿತ್ತು. ಪರಸಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ದೊಡ್ಡಪ್ಪನಿಗೆ ತಂದುಕೊಟ್ಟ. "ಗಳಾ ಇಳಿಸೀಯಲ್ಲ, ತಗೋ. ಪದ್ಧತಿ ಪದ್ಧತಿ." ದುರ್ಗಪ್ಪ ತೆಗೆದುಕೊಂಡರು. ದಂಡೆಯುದ್ದಕ್ಕೂ ನೋಡಿ, ನಡೆದು ಬಂದು ನನ್ನ ಕೈಗಿಟ್ಟರು.

ನನಗೆ ಕಣ್ಣೀರು ಬಂತು. ಅವರು ಅದನ್ನು ಕಂಡು ಅಂದರು, "ಅಳಬ್ಯಾಡ. ಮನ್ನಿಸಿ ಕೊಟ್ಟಿಲ್ಲ. ಉಳಿದಾವ್ರೆಲ್ಲಾ ನೀರಾಗದಾರ, ದಂಡಿಮ್ಯಾಲ ನೀ ಒಬ್ಬಾಕೀನ ಇದ್ದಿ, ಅದಕ್ಕ."

ಅಂಗಡಿ ಹಾಕುವವರೇ, ಅದಕ್ಕೇ ಇದನ್ನು ಬರೆದೆ. ಕಾಕಾ ಮಂದಿ ಮುಂದೆ ಹೇಳು ಅಂದರಲ್ಲ, ಆ ಮಂದಿಯಲ್ಲಿ ನೀವೂ ಸೇರಿದ್ದೀರಿ.

ಮೀನನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಮೋಟೆಬೆನ್ನೂರಿನಲ್ಲಿ ಬಸ್ಸು ಹತ್ತಿದೆ. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಅಕ್ಕಾರ, ಜೀವ ಐತೇನ್ರಿ ಅದಕ್ಕ?" ಎಂದು ಕೇಳಿದ. ಚೀಲ ತೊಡೆಯ ಮೇಲೆ ಬಡಿದುಕೊಳ್ಳುತ್ತಿತ್ತು. ನೀರಿನಿಂದ ಎತ್ತಿದ ಮೀನು ಎಷ್ಟು ಹೊತ್ತು ಇರುತ್ತದೆ? ರಾಣೆಬೆನ್ನೂರು ಬರುವಷ್ಟರಲ್ಲಿ ಅಲುಗುವುದು ನಿಂತಿತ್ತು.